ಗಡಿಯಾರ ಕೇಳಿ ಉಣ್ಣಬೇಕೇ?

ಪ್ರಶ್ನೆ: ನಾನು ಹಿರೇಕೆರೂರು ತಾಲ್ಲೂಕಿನವಳು. ವಯಸ್ಸು 36, ಎತ್ತರ ಐದಡಿ ಒಂದಿಂಚು, ತೂಕ 62 ಕೆಜಿ. ಟೊಮ್ಯಾಟೊ ಬೀಜದ ಪ್ಲಾಟಿಗೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತೇನೆ. ಬೆಂಗಳೂರಿನಲ್ಲಿರುವ ತಮ್ಮ ದೀಪಾವಳಿಗೆ ನಾಡಿಬಡಿತ ತೋರಿಸುವ ವಾಚು ತಂದುಕೊಟ್ಟ. ದಿನಕ್ಕೆ 2,900 ಕ್ಯಾಲೊರಿ ಖರ್ಚಾಗುತ್ತಿದೆ ಎಂದು ಅದು ತೋರಿಸುತ್ತದೆ. ಉಂಡದ್ದನ್ನೆಲ್ಲ ಮೊಬೈಲಿನಲ್ಲಿ ಬರೆದಿಡುತ್ತೇನೆ, 1,500 ದಾಟುವುದಿಲ್ಲ. ಎರಡು ತಿಂಗಳಾದರೂ ತೂಕ ಕಾಲು ಕೆಜಿ ಇಳಿದಿಲ್ಲ. ಸುಸ್ತು ಮಾತ್ರ ಹೆಚ್ಚಾಗಿದೆ, ಕೊಡ ಹೊತ್ತು ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮುಟ್ಟಿನ ದಿನಗಳಲ್ಲಿ ಸ್ರಾವವೂ ಜಾಸ್ತಿ. ರಾತ್ರಿ ನಿದ್ದೆಯಲ್ಲೂ ನಾಡಿ 88 ಇರುತ್ತದೆ. ನಮ್ಮ ಅತ್ತೆ "ಗಡಿಯಾರ ಕೇಳಿ ಉಣ್ಣೂ ಹೆಣ್ಣಮಗಳನ್ನ ಈಗ ನೋಡಾಕತ್ತೇನಿ" ಅಂತಾರೆ. ಇನ್ನೊಂದು ರೊಟ್ಟಿ ಬಿಡಲೇ?

ಉತ್ತರ: ಬಿಡಬೇಡಿ ತಂಗಿ. ಈಗಾಗಲೇ ಬಿಟ್ಟಿದ್ದರೆ ಇವತ್ತಿನಿಂದಲೇ ಮತ್ತೆ ಹಾಕಿಸಿಕೊಳ್ಳಿ. ಕಾರಣ ಆಮೇಲೆ ಹೇಳುತ್ತೇನೆ, ಮೊದಲು ನಿಮ್ಮದೇ ಲೆಕ್ಕ ನೋಡೋಣ.

ಖರ್ಚು 2,900, ಊಟ 1,500 ಎಂದರೆ ದಿನಕ್ಕೆ 1,400 ಕೊರತೆ. ಅರವತ್ತು ದಿನಕ್ಕೆ 84,000. ಮೈಯ ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ನಿಮ್ಮ ಎರಡೂ ಅಂಕಿ ನಿಜವಾಗಿದ್ದರೆ ಇಷ್ಟರಲ್ಲಿ ಹತ್ತು ಹನ್ನೊಂದು ಕೆಜಿ ಇಳಿದು, ಹಳೆಯ ಕುಪ್ಪಸಗಳಿಗೆಲ್ಲ ಮತ್ತೆ ಹೊಲಿಗೆ ಹಾಕಿಸಬೇಕಾಗಿತ್ತು. ತಕ್ಕಡಿ ಜಗ್ಗಿಲ್ಲ. ಅಂದಮೇಲೆ ವಾಚು ಹೆಚ್ಚು ಬರೆದಿದೆ, ಮೊಬೈಲು ಕಡಿಮೆ ಬರೆದಿದೆ. ತಪ್ಪು ನಿಮ್ಮ ಮೈಯದಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪಟ್ಟಿ ನನ್ನ ಮೇಜಿನ ಮೇಲಿದೆ. 55 ಕೆಜಿ ತೂಕದ ಹೆಣ್ಣುಮಗಳು ಕೂತು ಮಾಡುವ ಕೆಲಸದವಳಾದರೆ ದಿನಕ್ಕೆ 1,660 ಕ್ಯಾಲೊರಿ, ಮಧ್ಯಮ ದುಡಿಮೆಗೆ 2,130, ಮೈಮುರಿಯುವ ದುಡಿಮೆಗೆ 2,720. ನಿಮ್ಮ ತೂಕ ಅದಕ್ಕಿಂತ ಏಳು ಕೆಜಿ ಹೆಚ್ಚು, ಹಾಗಾಗಿ ಅಂಕಿ ಸ್ವಲ್ಪ ಮೇಲೆ ಹೋಗುತ್ತದೆ, ನಿಜ. ಆದರೆ ಕ್ರಾಸಿಂಗ್ ಎಂದರೆ ಏನು ಕೆಲಸ? ಶೇಡ್ ನೆಟ್ಟಿನ ಕೆಳಗೆ ನಿಂತು, ಬಗ್ಗಿ, ಒಂದೊಂದು ಮೊಗ್ಗನ್ನೂ ಚಿಮುಟದಿಂದ ಬಿಡಿಸಿ, ಗಂಡು ತಳಿಯ ಹೂವಿನ ಪರಾಗ ಮುಟ್ಟಿಸುವುದು. ಕಣ್ಣು ಸೋಲುತ್ತದೆ, ಸೊಂಟ ಹಿಡಿಯುತ್ತದೆ. ಕ್ಯಾಲೊರಿ ಮಾತ್ರ ಅಷ್ಟೇನೂ ಸುಡುವುದಿಲ್ಲ. ದಣಿವು ಬೇರೆ, ಕ್ಯಾಲೊರಿ ಬೇರೆ. ಇದನ್ನು ಹೇಳಿದರೆ ಹೊಲದ ಕೆಲಸದವರಿಗೆ ಸಿಟ್ಟು ಬರುತ್ತದೆ, ಆದರೂ ಹೇಳಲೇಬೇಕು.

ಹಾಗಾದರೆ ವಾಚಿಗೆ 2,900 ಎಲ್ಲಿಂದ ಬಂತು? ನಿಮ್ಮ ನಾಡಿಯಿಂದ. ಅದಕ್ಕೆ ಗೊತ್ತಿರುವುದು ನಾಡಿ, ಕೈಯ ಅಲುಗಾಟ, ನೀವು ತುಂಬಿದ ವಯಸ್ಸು, ಎತ್ತರ, ತೂಕ ಇಷ್ಟೇ. ಮಿಕ್ಕದ್ದು ಅಂದಾಜು. ನಡೆಯುವಾಗ, ಓಡುವಾಗ, ಗುದ್ದಲಿ ಹಾಕುವಾಗ ಸ್ನಾಯುಗಳಿಗೆ ಆಮ್ಲಜನಕ ಬೇಕು, ಹೃದಯ ಅದಕ್ಕೆ ತಕ್ಕ ಹಾಗೆ ಬಡಿಯುತ್ತದೆ. ಒಂದು ಲೀಟರ್ ಆಮ್ಲಜನಕ ಬಳಸಿದರೆ ಸುಮಾರು 5 ಕ್ಯಾಲೊರಿ ಖರ್ಚು. ಹೀಗಾಗಿ ದುಡಿಮೆ ಜೋರಾಗಿದ್ದಾಗ ನಾಡಿ ನೋಡಿ ಖರ್ಚು ಹೇಳುವುದರಲ್ಲಿ ಅರ್ಥವಿದೆ. ಆದರೆ ದಿನದ ಹೆಚ್ಚು ಪಾಲು ನಾವು ಕೂತಿರುತ್ತೇವೆ, ನಿಂತಿರುತ್ತೇವೆ, ಮಲಗಿರುತ್ತೇವೆ. ಆಗ ಆ ನಂಟು ಕಡಿದುಹೋಗುತ್ತದೆ. ಬಿಸಿಲಿಗೆ, ಚಹಾಕ್ಕೆ, ಸಿಟ್ಟಿಗೆ, ಜ್ವರಕ್ಕೆ, ಮೈಯಲ್ಲಿ ನೀರು ಕಡಿಮೆಯಾದರೆ, ಎಲ್ಲಕ್ಕೂ ನಾಡಿ ಏರುತ್ತದೆ. ಮಧ್ಯಾಹ್ನದ ಶೇಡ್ ನೆಟ್ಟಿನೊಳಗಿನ ಧಗೆಗೆ ನಿಮ್ಮ ಹೃದಯ ಚರ್ಮದ ಕಡೆ ಹೆಚ್ಚು ರಕ್ತ ತಳ್ಳಿ ಮೈ ತಣಿಸುತ್ತಿರುತ್ತದೆ. ವಾಚು ಅದನ್ನೇ ನೀವು ಓಡುತ್ತಿದ್ದೀರಿ ಎಂದು ತಿಳಿಯುತ್ತದೆ.

ಇನ್ನು ಬಳೆ. ವಾಚಿನ ಹಿಂಬದಿಯ ಹಸಿರು ದೀಪ ಚರ್ಮದೊಳಗೆ ರಕ್ತ ಉಬ್ಬಿ ಇಳಿಯುವುದನ್ನು ನೋಡುತ್ತದೆ. ಬಳೆಗಳು ವಾಚನ್ನು ಹಿಂದೆ ಮುಂದೆ ತಳ್ಳುತ್ತಿದ್ದರೆ, ಪಟ್ಟಿ ಸಡಿಲವಿದ್ದರೆ, ನಾಡಿಯ ಬದಲು ಕೈಯಾಡಿಸುವ ಲಯವನ್ನೇ ಎಣಿಸಿಬಿಡಬಹುದು. ನಾನೂ ಒಂದು ತಿಂಗಳು ಕಟ್ಟಿ ನೋಡಿದೆ. ಒಲೆ ಮುಂದೆ ಕೂತು ಹತ್ತು ಜೋಳದ ರೊಟ್ಟಿ ಬಡಿದು ಎದ್ದಾಗ, ಕೂತಲ್ಲೇ ನೂರಾರು ಹೆಜ್ಜೆ ನಡೆದೆ ಎಂದು ಅದು ಬರೆದುಕೊಂಡಿತ್ತು!

ಇದು ಅಗ್ಗದ ವಾಚಿನ ದೋಷವಷ್ಟೇ ಅಲ್ಲ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಹೆಸರುವಾಸಿ ಕಂಪನಿಗಳ ಏಳು ಸಾಧನಗಳನ್ನು ಪರೀಕ್ಷಿಸಿದರು. ಏಳರಲ್ಲಿ ಆರು ನಾಡಿಯನ್ನು ಶೇ 5ರೊಳಗಿನ ತಪ್ಪಿನಲ್ಲಿ ಹೇಳಿದವು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಒಳ್ಳೆಯದರ ತಪ್ಪೇ ಶೇ 27, ಎಲ್ಲಕ್ಕಿಂತ ಕೆಟ್ಟದ್ದರದು ಶೇ 93.

ನಾಡಿಯಿಂದ ಖರ್ಚು ಅಳೆಯುವ ವಿದ್ಯೆಯೇ ಸುಳ್ಳೆಂದು ನಾನು ಹೇಳುತ್ತಿಲ್ಲ. ಸರಿಯಾಗಿ ಮಾಡುವುದಾದರೆ ಆ ಮನುಷ್ಯನನ್ನೇ ಪ್ರಯೋಗಾಲಯದಲ್ಲಿ ಮಲಗಿಸಿ, ಕೂರಿಸಿ, ನಿಲ್ಲಿಸಿ, ನಡೆಸಿ, ಪ್ರತಿ ಬಾರಿಯೂ ಅವನ ಉಸಿರಿನ ಆಮ್ಲಜನಕವನ್ನೂ ನಾಡಿಯನ್ನೂ ಒಟ್ಟಿಗೆ ಅಳೆದು, ಅವನೊಬ್ಬನಿಗೆ ಹೊಂದುವ ಗೆರೆ ಎಳೆಯುತ್ತಾರೆ. ನಾಡಿ ಒಂದು ಮಟ್ಟಕ್ಕಿಂತ ಕೆಳಗಿದ್ದಾಗ ಆ ಗೆರೆಯನ್ನು ನಂಬುವುದಿಲ್ಲ, ವಿಶ್ರಾಂತಿಯ ಖರ್ಚನ್ನೇ ಹಿಡಿಯುತ್ತಾರೆ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಅನುರಾ ಕುರ್ಪಾಡ್, ಮಾರಿಯೋ ವಾಜ್ ಮತ್ತು ಜೊತೆಗಾರರು ಇದರ ಸರಳ ವಿಧಾನವೊಂದನ್ನು 2006ರಲ್ಲಿ ಪ್ರಕಟಿಸಿದರು. ಅದೂ ವಯಸ್ಕ ಗಂಡಸರಿಗೆ. ನಿಮ್ಮ ವಾಚು ನಿಮ್ಮ ಉಸಿರನ್ನು ಒಮ್ಮೆಯೂ ಅಳೆದಿಲ್ಲ.

ಮೊಬೈಲಿನ 1,500ರ ವಿಚಾರ ಚಿಕ್ಕದು. ರೊಟ್ಟಿ ಬರೆದಿರುತ್ತೀರಿ, ಪಲ್ಯದ ಒಗ್ಗರಣೆ ಬರೆದಿರುವುದಿಲ್ಲ. ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲೊರಿ. ರೊಟ್ಟಿ ಮೇಲಿನ ಶೇಂಗಾ ಚಟ್ನಿ, ಪ್ಲಾಟಿನಲ್ಲಿ ಎರಡು ಸಲ ಕೊಡುವ ಸಕ್ಕರೆ ಚಹಾ, ಸಂಜೆ ಮಂಡಕ್ಕಿ ಮೇಲೆ ಉದುರಿಸಿದ ಒಂದು ಹಿಡಿ ಸವಣೂರು ಖಾರ ಇವೆಲ್ಲ ಎಲ್ಲಿ ಹೋದವು? ಇದರಲ್ಲಿ ನಾಚಿಕೆಪಡುವುದೇನಿಲ್ಲ, ಉಂಡದ್ದನ್ನು ಕಡಿಮೆ ಬರೆಯುವುದು ಎಲ್ಲರ ಅಭ್ಯಾಸ.

ನಿಮ್ಮ ಪತ್ರದ ಜೊತೆ ಇದೇ ವಾಚಿನ ಮೂರು ಪತ್ರಗಳು ಬಂದಿವೆ. ಸವಣೂರಿನ ನಿವೃತ್ತ ಮಾಸ್ತರರು ತಮ್ಮ ವಾಚು 1,300 ದಾಟುವುದೇ ಇಲ್ಲವೆಂದು ಹೆದರಿ ಊಟ ಇಳಿಸಿದ್ದಾರೆ. ಅವರು ಬಿಪಿಗೆ ನುಂಗುವುದು ಬೀಟಾ ಬ್ಲಾಕರ್ ಮಾತ್ರೆ, ನಾಡಿಯನ್ನು ತಗ್ಗಿಸುವುದೇ ಅದರ ಕೆಲಸ. ಮಾಸ್ತರೇ, ಮಾತ್ರೆ ಬಿಡಬೇಡಿ, ಊಟವನ್ನೂ ಬಿಡಬೇಡಿ, ವಾಚು ಬಿಡಿ. ಶಿಗ್ಗಾಂವಿಯಿಂದ ಹುಬ್ಬಳ್ಳಿಗೆ ದಿನಾ ಬಸ್ಸಿನಲ್ಲಿ ಓಡಾಡುವವರು, ಸೀಟು ಸಿಗದ ದಿನ ಕ್ಯಾಲೊರಿ ಹೆಚ್ಚು ತೋರುತ್ತದೆ ಎಂದು ಬರೆದಿದ್ದಾರೆ. ಅದು ಸಿಟ್ಟಿನ ನಾಡಿ ಇರಬೇಕು. ಹಾನಗಲ್ಲಿನ ಹುಡುಗ ಪೊಲೀಸ್ ಭರ್ತಿಗೆ ಬೆಳಗ್ಗೆ ಓಡುತ್ತಾನೆ. ಅವನಿಗೊಬ್ಬನಿಗೆ ಈ ವಾಚಿನಿಂದ ಉಪಯೋಗವಿದೆ. ಆದರೆ ಅವನು ಕ್ಯಾಲೊರಿ ನೋಡಬಾರದು. ಅದೇ ದಾರಿ, ಅದೇ ವೇಗದಲ್ಲಿ ಓಡಿದಾಗ ಹೋದ ತಿಂಗಳಿಗಿಂತ ನಾಡಿ ಕಡಿಮೆ ಇದೆಯೇ ಎಂದು ನೋಡಬೇಕು.

ಈಗ ನಿಮ್ಮ ರೊಟ್ಟಿಯ ಮಾತಿಗೆ ಬರುತ್ತೇನೆ. ಆ ವಾಚು ನಿಮಗೆ ಒಂದು ನಿಜ ಹೇಳಿದೆ, ನೀವು ಅದನ್ನು ಪತ್ರದ ಕೊನೆಗೆ ಬರೆದಿದ್ದೀರಿ: ನಿದ್ದೆಯಲ್ಲೂ 88. ನಿದ್ದೆಯಲ್ಲಿ ಬಿಸಿಲಿಲ್ಲ, ಚಹಾ ಇಲ್ಲ, ಬಳೆ ಅಲುಗಾಡುವುದಿಲ್ಲ. ಆಗಲೂ ಹೃದಯ ಇಷ್ಟು ಜೋರಾಗಿ ಬಡಿಯುತ್ತಿದ್ದರೆ ಕಾರಣ ಹುಡುಕಬೇಕು. ಜೊತೆಗೆ ಸುಸ್ತು, ಏದುಸಿರು, ಹೆಚ್ಚು ಸ್ರಾವ. ನನಗೆ ಮೊದಲು ಬರುವ ಅನುಮಾನ ರಕ್ತಹೀನತೆ. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾದಾಗ ಅದೇ ಆಮ್ಲಜನಕವನ್ನು ಸಾಗಿಸಲು ಹೃದಯ ಹೆಚ್ಚು ಸಲ ಬಡಿಯಬೇಕಾಗುತ್ತದೆ, ಕಡಿಮೆ ಸರಕು ಹಿಡಿಯುವ ಚಕ್ಕಡಿ ಹೆಚ್ಚು ಸಲ ಹೊಲಕ್ಕೆ ಹೋಗಿಬರುವ ಹಾಗೆ. ವಾಚು ಆ ಓಡಾಟವನ್ನೆಲ್ಲ ಕ್ಯಾಲೊರಿ ಎಂದು ಬರೆದಿರಬಹುದು. ನೀವು ಅದನ್ನು ನೋಡಿ ಊಟ ಕಡಿಮೆ ಮಾಡಿದ್ದೀರಿ! ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಣ್ಣುಮಕ್ಕಳಿಗೆ ರಕ್ತಹೀನತೆ ಇದೆ, ನೀವು ಒಬ್ಬರೇ ಅಲ್ಲ. ಥೈರಾಯ್ಡ್ ಕೂಡ ಹೀಗೆ ನಾಡಿ ಏರಿಸಬಹುದು.

ನಾನು ಆಹಾರದ ವಿಚಾರ ಹೇಳುವವಳು, ರೋಗ ನಿರ್ಧರಿಸುವವಳಲ್ಲ. ಈ ವಾರವೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸ್ರಾವದ ವಿಷಯ ವೈದ್ಯರಿಗೆ ಮುಚ್ಚಿಡದೆ ಹೇಳಿ. ಹಿಮೋಗ್ಲೋಬಿನ್ 12ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಊಟದ ಜೊತೆ ಚಹಾ ಕುಡಿಯಬೇಡಿ, ಒಂದು ತಾಸು ಬಿಟ್ಟು ಕುಡಿಯಿರಿ. ಮಡಕಿಕಾಳಿನ ಪಲ್ಯ, ಪುಂಡಿಪಲ್ಯದ ಮೇಲೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ.

ಊಟ ಎಷ್ಟು ಬೇಕೆಂದು ತಿಳಿಯಲು ತಕ್ಕಡಿ ಸಾಕು. ಬೆಳಗ್ಗೆ ಬರಿ ಹೊಟ್ಟೆಯಲ್ಲಿ, ವಾರಕ್ಕೊಮ್ಮೆ, ಅದೇ ತಕ್ಕಡಿಯ ಮೇಲೆ ನಿಂತು ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದು ತಿಂಗಳು ತೂಕ ಅಲ್ಲೇ ನಿಂತಿದ್ದರೆ ನೀವು ಉಣ್ಣುತ್ತಿರುವುದೇ ನಿಮ್ಮ ಖರ್ಚು. ತೂಕ ಇಳಿಸುವ ಆಸೆ ಇದ್ದರೆ ಅದು ರಕ್ತ ಸರಿಹೋದ ಮೇಲೆ, ಅದೂ ರೊಟ್ಟಿಯಿಂದಲ್ಲ, ಎಣ್ಣೆ ಮತ್ತು ಸಕ್ಕರೆಯಿಂದ ಶುರುವಾಗಲಿ.

ವಾಚನ್ನು ತಮ್ಮನಿಗೆ ವಾಪಸ್ ಕೊಡಬೇಡಿ, ಬೇಜಾರು ಮಾಡಿಕೊಂಡಾನು. ಚಿಕಿತ್ಸೆ ಶುರುವಾದ ಮೇಲೆ ರಾತ್ರಿಯ ನಾಡಿ 88ರಿಂದ ಎಷ್ಟಕ್ಕೆ ಇಳಿಯಿತು ಎಂದು ನೋಡಲು ಬೇಕಾಗುತ್ತದೆ. ಪರೀಕ್ಷೆಯ ಚೀಟಿ ಕೈಗೆ ಬಂದ ದಿನ ಅದರಲ್ಲಿರುವ ಅಂಕಿ ಬರೆದು ನನಗೊಂದು ಪತ್ರ ಹಾಕಿ.