ಕಲಿಸುವ ಮೊದಲು ಮಗುವನ್ನು ನೋಡು

ಮಗಳೇ,

ಅಂಗನವಾಡಿ ಕಾರ್ಯಕರ್ತೆಯಾಗಿ ನಿನಗೆ ನೇಮಕಾತಿ ಆದೇಶ ಬಂದ ಸುದ್ದಿ ತಿಳಿದು ಮನಸ್ಸು ತುಂಬಿತು. ಇನ್ನು ಮೇಲೆ ಊರಿನವರೆಲ್ಲ ನಿನ್ನನ್ನು ಟೀಚರ್ ಎಂದೇ ಕರೆಯುತ್ತಾರೆ. ತರಬೇತಿಯ ಕೈಪಿಡಿ, ಹಾಜರಿ ಪುಸ್ತಕ, ತೂಕದ ಯಂತ್ರ, ಪೋಷಣ್ ಟ್ರ್ಯಾಕರ್ ಇರುವ ಮೊಬೈಲು, ಆಹಾರದ ದಾಸ್ತಾನಿನ ಲೆಕ್ಕ, ತಾಯಂದಿರ ಸಭೆ, ಇದೆಲ್ಲ ಒಟ್ಟಿಗೇ ಹೆಗಲೇರಿದಾಗ ಯಾವುದನ್ನು ಮೊದಲು ಹಿಡಿಯಬೇಕೆಂದು ತೋಚುವುದಿಲ್ಲ. ಮೇಲ್ವಿಚಾರಕಿಯಾಗಿ ಹಳ್ಳಿಹಳ್ಳಿಯ ಕೇಂದ್ರಗಳಲ್ಲಿ ಕೂತು ಕಂಡದ್ದರಿಂದ ನಿನಗೆ ಒಂದು ಮಾತು ಹೇಳುತ್ತೇನೆ. ಕಲಿಸುವ ಮೊದಲು ಮಗುವನ್ನು ನೋಡು. ನೀನು ಏನು ಕಲಿಸಬೇಕು, ಹೇಗೆ ಕಲಿಸಬೇಕು, ಯಾವಾಗ ಸುಮ್ಮನಿರಬೇಕು ಎಂಬುದೆಲ್ಲ ಆ ನೋಟದಿಂದಲೇ ತಿಳಿಯುತ್ತದೆ.

ಒಂದು ಕೇಂದ್ರದಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಹುಣಸೆ ಬೀಜದ ಡಬ್ಬಿ ಹಿಡಿದು ಮೂಲೆಯಲ್ಲಿ ಕೂತಿದ್ದಳು. ಬೀಜಗಳನ್ನೆಲ್ಲ ನೆಲಕ್ಕೆ ಸುರಿದು ದೊಡ್ಡವನ್ನು ಒಂದು ಕಡೆ, ಚಿಕ್ಕವನ್ನು ಇನ್ನೊಂದು ಕಡೆ ಮಾಡಿದಳು. ಒಂದು ಬೀಜ ಮಾತ್ರ ಅತ್ತಲೂ ಸೇರಲಿಲ್ಲ, ಇತ್ತಲೂ ಸೇರಲಿಲ್ಲ. ದೊಡ್ಡದರ ಪಕ್ಕ ಇಟ್ಟು ನೋಡಿದಳು, ಚಿಕ್ಕದರ ಪಕ್ಕ ಇಟ್ಟು ನೋಡಿದಳು, ಕೊನೆಗೆ ಎರಡರ ನಡುವೆ ಅದಕ್ಕೊಂದು ಜಾಗ ಮಾಡಿದಳು. ಆಮೇಲೆ ಉಳಿದವನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸತೊಡಗಿದಳು. ಅಲ್ಲಿನ ಟೀಚರ್ ಅವಳನ್ನು ಕರೆದು ಒಂದು ಎರಡು ಹೇಳಿಸಲಿಲ್ಲ. ಹತ್ತಿರ ಬಂದು ಕೂತರು. ಹುಡುಗಿ ತಲೆಯೆತ್ತಿದಾಗ, "ಇದನ್ನ ಯಾಕೆ ಇಲ್ಲಿಟ್ಟೆ ಪುಟ್ಟಿ?" ಎಂದಷ್ಟೇ ಕೇಳಿದರು. "ಅದು ಅಣ್ಣನೂ ಅಲ್ಲ, ಪಾಪೂನೂ ಅಲ್ಲ" ಅಂದಳು.

ವಿಂಗಡಿಸುವುದು, ಹೋಲಿಸುವುದು, ಕ್ರಮವಾಗಿ ಜೋಡಿಸುವುದು, ಗಣಿತಕ್ಕೆ ಬುನಾದಿ ಇವೇ. ಆ ಮಗು ಯಾರೂ ಹೇಳಿಕೊಡದೆ ಮೂರನ್ನೂ ಮಾಡಿತ್ತು. ಜೊತೆಗೆ ತನ್ನ ಯೋಚನೆಗೆ ಮನೆಯಿಂದಲೇ ಮಾತನ್ನೂ ಹುಡುಕಿಕೊಂಡಿತ್ತು. ನಡುವೆ ಬಾಯಿ ಹಾಕದೆ ನೋಡಿದ್ದರಿಂದ, ಸರಿಯಾದ ಹೊತ್ತಿಗೆ ಒಂದೇ ಪ್ರಶ್ನೆ ಕೇಳಿದ್ದರಿಂದ ಟೀಚರಿಗೆ ಅದು ಕಂಡಿತು. ಮರುದಿನ ಅವರು ಅದೇ ಹುಡುಗಿಗೆ ಬೇರೆಬೇರೆ ಉದ್ದದ ಕಡ್ಡಿಗಳನ್ನು ಕೊಟ್ಟರು. ಪಾಠ ಯೋಜನೆ ಎಂದರೆ ಇದೇ.

ನೀನೂ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊ. ದಿನಕ್ಕೆ ಇಬ್ಬರೋ ಮೂವರೋ ಮಕ್ಕಳ ಬಗ್ಗೆ ಒಂದೊಂದು ಸಾಲು ಬರೆ ಸಾಕು. ಏನು ಮಾಡಿತು, ಏನು ಅಂದಿತು, ಯಾರ ಜೊತೆ ಆಡಿತು ಎಂದು ಕಂಡದ್ದನ್ನು ಕಂಡ ಹಾಗೆ ಬರೆ. 'ಚುರುಕು', 'ಮಂದ', 'ತುಂಟ' ಎಂದು ಹಣೆಪಟ್ಟಿ ಅಂಟಿಸಬೇಡ. ಒಮ್ಮೆ ಹಾಗೆ ಬರೆದರೆ ಆಮೇಲೆ ನಿನ್ನ ಕಣ್ಣಿಗೆ ಮಗು ಕಾಣುವುದಿಲ್ಲ, ಆ ಪದವೇ ಕಾಣುತ್ತದೆ. ಯಾವ ಮಗುವಿನ ಹೆಸರು ತಿಂಗಳಾದರೂ ಆ ಪುಸ್ತಕದಲ್ಲಿ ಬಂದಿಲ್ಲ ಎಂದು ಆಗಾಗ ತಿರುವಿ ನೋಡು. ಗಲಾಟೆ ಮಾಡದೆ, ಏನನ್ನೂ ಕೇಳದೆ, ಹೇಳಿದಲ್ಲಿ ಕೂರುವ ಮಗುವೇ ನಮ್ಮ ಕಣ್ತಪ್ಪಿ ಹೋಗುವುದು.

ಇನ್ನು ಬರವಣಿಗೆಯ ವಿಷಯ. ನಿನಗೆ ಎಲ್ಲಕ್ಕಿಂತ ಹೆಚ್ಚು ಒತ್ತಡ ಬರುವುದು ಇಲ್ಲಿಯೇ. ಪಕ್ಕದೂರಿನ ಕಾನ್ವೆಂಟಿನಲ್ಲಿ ಮೂರು ವರ್ಷಕ್ಕೇ ಎಬಿಸಿಡಿ ಬರೆಸುತ್ತಾರೆ, ನಿಮ್ಮಲ್ಲಿ ಬರೀ ಆಟ, ಎಂದು ತಾಯಂದಿರು ನಿನ್ನೆದುರಿಗೇ ಹೇಳುತ್ತಾರೆ. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡ. ತಮಗೆ ಸಿಗದ ಓದು ಮಗುವಿಗಾದರೂ ಸಿಗಲಿ ಎಂಬ ಆಸೆ ಅದು. ಆದರೆ ಆ ಆಸೆಗಾಗಿ ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸಬೇಡ. ಮೂರು ವರ್ಷದ ಮಗುವಿನ ಬೆರಳಿನ ಸ್ನಾಯುಗಳು ಇನ್ನೂ ಬಲಿತಿರುವುದಿಲ್ಲ. ಭುಜ, ಮೊಣಕೈ, ಮಣಿಕಟ್ಟು ಇವುಗಳ ಹಿಡಿತ ಮೊದಲು ಬಂದು, ಬೆರಳ ತುದಿಯ ಹಿಡಿತ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಅದಕ್ಕೆ ಮುಂಚೆ ಬಳಪ ಹಿಡಿಸಿ ಬರೆಸುವುದು ಹದ ಬಾರದ ಹೊಲಕ್ಕೆ ಬೀಜ ಚೆಲ್ಲಿದ ಹಾಗೆ. ಜೇಡಿಮಣ್ಣು ಮಿದಿಸು, ಕಡಲೆಕಾಯಿ ಸುಲಿಸು, ಕಾಗದ ಹರಿಸು, ದೊಡ್ಡ ಮಣಿ ಪೋಣಿಸಲು ಕೊಡು, ಮರಳಿನ ಮೇಲೆ ಬೆರಳಿನಿಂದ ಗೆರೆ ಎಳೆಸು, ಗೋಡೆಯ ಕಪ್ಪು ಪಟ್ಟಿಯ ಮೇಲೆ ಸೀಮೆಸುಣ್ಣದಿಂದ ಮನಸೋ ಇಚ್ಛೆ ಗೀಚಲು ಬಿಡು. ಬರವಣಿಗೆಗೆ ಕೈ ಸಿದ್ಧವಾಗುವುದು ಇದರಿಂದಲೇ.

ತಾಯಂದಿರ ಸಭೆಯಲ್ಲಿ ಇದನ್ನು ಬರೀ ಬಾಯಲ್ಲಿ ಹೇಳಬೇಡ, ಮಾಡಿ ತೋರಿಸು. ಒಂದನೇ ತರಗತಿಯಲ್ಲಿ ನಲಿ-ಕಲಿ ಎಂಬ ಕಲಿಕೆ ಶುರುವಾಗುವುದು ಅ ಆ ಇ ಈ ಕ್ರಮದಲ್ಲಲ್ಲ. ರ ಗ ಸ ದ ಅ ಎಂಬ ಸುಲಭ ಅಕ್ಷರಗಳಿಂದ, ಅವುಗಳಿಂದಲೇ ಆಗುವ ಸರ, ಅರಸ, ಗರಗಸದಂಥ ಪದಗಳಿಂದ. 1995ರಲ್ಲಿ ನಮ್ಮ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ಆ ಪದ್ಧತಿಗೆ ಅಂಗನವಾಡಿಯಿಂದ ಬೇಕಾಗಿರುವುದು ಅಕ್ಷರಮಾಲೆಯ ಬಾಯಿಪಾಠವಲ್ಲ, ಶಬ್ದ ಗುರುತಿಸುವ ಕಿವಿ. 'ಕಮಲ' ಎನ್ನುತ್ತ ಮೂರು ಚಪ್ಪಾಳೆ ತಟ್ಟಿಸು, 'ಮರ' ಎನ್ನುತ್ತ ಎರಡು. 'ಮ'ದಿಂದ ಶುರುವಾಗುವ ಹೆಸರು ಯಾರದು ಎಂದು ಕೇಳು. ತಮ್ಮ ಮಗು ಹಾಗೆ ಚಪ್ಪಾಳೆ ತಟ್ಟಿ ಪದ ಬಿಡಿಸುವುದನ್ನು ಕಂಡ ತಾಯಿಗೆ ಆಟದಲ್ಲಿ ಓದು ಇರುವುದು ತಾನಾಗಿ ಮನದಟ್ಟಾಗುತ್ತದೆ. ಇದು ನನ್ನೊಬ್ಬಳ ಹಟವಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನದನ್ನು ಒಂದೇ ಬುನಾದಿ ಹಂತವೆಂದು ಕರೆಯಿತು. 2022ರ ಅಕ್ಟೋಬರಿನಲ್ಲಿ ಬಂದ ಆ ಹಂತದ ಪಠ್ಯಕ್ರಮ ಚೌಕಟ್ಟು ಆಟವನ್ನೇ ನಡುವಿನಲ್ಲಿಟ್ಟಿದೆ, ಈ ವಯಸ್ಸಿಗೆ ಪರೀಕ್ಷೆ ಸಲ್ಲದೆಂದು ಸ್ಪಷ್ಟವಾಗಿ ಹೇಳಿದೆ. ಯಾರಾದರೂ ಪ್ರಶ್ನಿಸಿದರೆ ಧೈರ್ಯವಾಗಿ ಉತ್ತರ ಕೊಡು.

ಆಟ ಎಂದೊಡನೆ ಮಕ್ಕಳನ್ನು ಬಿಟ್ಟು ನೀನು ರಿಜಿಸ್ಟರ್ ಹಿಡಿದು ಕೂರಬಹುದು ಎಂದುಕೊಳ್ಳಬೇಡ. ಆಟಕ್ಕೆ ಸಿದ್ಧತೆ ಬೇಕು. ಬೆಳಿಗ್ಗೆ ಮಕ್ಕಳು ಬರುವ ಮೊದಲೇ ಇವತ್ತು ಯಾವ ಮೂಲೆಯಲ್ಲಿ ಏನಿರಬೇಕೆಂದು ಗೊತ್ತುಮಾಡಿ ಸಾಮಾನು ಅವರ ಕೈಗೆಟಕುವಂತೆ ಇಡು. ಅಡುಗೆಯಾಟಕ್ಕೆ ತೆಂಗಿನ ಚಿಪ್ಪು, ಹಳೆಯ ಸೌಟು; ಕಟ್ಟುವ ಆಟಕ್ಕೆ ಮರದ ತುಂಡು, ಖಾಲಿ ಬೆಂಕಿಪೊಟ್ಟಣ; ಗೊಂಬೆಗೆ ಹಳೆಯ ಬಟ್ಟೆ. ಉತ್ತರ ಕರ್ನಾಟಕದ ಕಡೆ ಜೋಳದ ದಂಟಿನಿಂದ ಮಕ್ಕಳೇ ಬಂಡಿ ಮಾಡುತ್ತಾರೆ, ಅದಕ್ಕಿಂತ ಒಳ್ಳೆಯ ಆಟಿಕೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಓಡಿ ಕುಣಿಯುವ ಆಟವಾದ ಮೇಲೆ ಕೂತು ಮಾಡುವ ಕೆಲಸ, ಅದಾದ ಮೇಲೆ ಹಾಡು. ಒಂದೇ ಕಡೆ ತುಂಬ ಹೊತ್ತು ಕೂರಿಸಬೇಡ. 'ಚಿಲಿಪಿಲಿ' ಪುಸ್ತಕದ ಚಟುವಟಿಕೆಗಳನ್ನು ಚೆನ್ನಾಗಿ ಬಳಸು, ಆದರೆ ಹೊರಗೆ ಮೊದಲ ಮಳೆ ಬಂದ ದಿನ ಪುಸ್ತಕ ಮುಚ್ಚಿಟ್ಟು ಮಳೆಯನ್ನೇ ಪಾಠ ಮಾಡು.

ಮಕ್ಕಳ ಜೊತೆ ಮಾತನಾಡು, ಮಗಳೇ. 'ಬಾ, ಕೂರು, ಕೈ ಕಟ್ಟು, ಬಾಯಿ ಮುಚ್ಚು' ಎಂಬ ನಾಲ್ಕೇ ಮಾತಿನಲ್ಲಿ ದಿನ ಕಳೆಯುವ ಕೇಂದ್ರಗಳಿವೆ. ನಿನ್ನದು ಹಾಗಾಗಬಾರದು. ದಿನಕ್ಕೊಂದು ಕಥೆ ಹೇಳು. ಕೇಳಿದ ಕಥೆಯನ್ನೇ ಮತ್ತೆ ಹೇಳು ಎಂದು ಹಟ ಮಾಡಿದರೆ ಮತ್ತೆ ಹೇಳು. ಜಿ.ಪಿ. ರಾಜರತ್ನಂ, ಪಂಜೆ ಮಂಗೇಶರಾಯರು ಮಕ್ಕಳ ಬಾಯಿಗೆ ಹೊಂದುವ ಹಾಡುಗಳನ್ನು ನಮಗೆ ಕೊಟ್ಟು ಹೋಗಿದ್ದಾರೆ. ಊರಿನ ಅಜ್ಜಿಯರ ಬಾಯಲ್ಲಿ ಶಿಶುಪ್ರಾಸಗಳಿವೆ, ಕರೆಸಿ ಹಾಡಿಸು. ಪ್ರಶ್ನೆ ಕೇಳುವಾಗ ಹೌದು ಅಲ್ಲ ಎಂಬಲ್ಲಿಗೇ ಮುಗಿಯುವ ಪ್ರಶ್ನೆ ಬೇಡ. 'ಆಮೇಲೆ ಏನಾಯ್ತು?' 'ನೀನಾಗಿದ್ರೆ ಏನ್ಮಾಡ್ತಿದ್ದೆ?' ಎಂದು ಕೇಳಿ, ಉತ್ತರಕ್ಕೆ ಕಾದು ಕೂರು. ಚಿಕ್ಕ ಮಕ್ಕಳಿಗೆ ಮಾತು ಹುಡುಕಲು ಹೊತ್ತು ಬೇಕು.

ನಿನ್ನ ಕೇಂದ್ರಕ್ಕೆ ತಾಂಡಾದಿಂದ ಲಂಬಾಣಿ ಮಾತನಾಡುವ ಮಗು ಬರಬಹುದು. ಉರ್ದು, ತುಳು, ತೆಲುಗು, ಮರಾಠಿ ಮನೆಮಾತಿನ ಮಕ್ಕಳೂ ಬರಬಹುದು. ಅವರು ತಿಂಗಳುಗಟ್ಟಲೆ ಮೌನವಾಗಿದ್ದರೆ ಬುದ್ಧಿ ಇಲ್ಲವೆಂದಲ್ಲ, ಅವರ ಕಿವಿ ಹೊಸ ಭಾಷೆಯನ್ನು ಕೂಡಿಹಾಕುತ್ತಿದೆ. ನೀನು ಆ ಮನೆಯ ಹತ್ತು ಮಾತು ಕಲಿ. ಅನ್ನ, ನೀರು, ಅಮ್ಮ, ನೋವು, ಒಂದಕ್ಕೆ ಹೋಗಬೇಕು, ಇಷ್ಟಾದರೂ ಅವರ ಭಾಷೆಯಲ್ಲಿ ನಿನಗೆ ತಿಳಿಯಲಿ. ತನ್ನ ಮಾತಿಗೆ ಬೆಲೆ ಸಿಕ್ಕಿದ ಮಗು ನಿನ್ನ ಕನ್ನಡವನ್ನೂ ಬೇಗ ತನ್ನದಾಗಿಸಿಕೊಳ್ಳುತ್ತದೆ.

ಹೊಡೆಯಬೇಡ. ಬೆತ್ತ ಹಿಡಿಯಬೇಡ, ಗುಮ್ಮನನ್ನು ಕರೆಯಬೇಡ, ಪೊಲೀಸರಿಗೆ ಕೊಡುತ್ತೇನೆ ಎನ್ನಬೇಡ. ಬಟ್ಟೆಯಲ್ಲಿ ಉಚ್ಚೆ ಮಾಡಿಕೊಂಡ ಮಗುವನ್ನು ಎಲ್ಲರೆದುರು ನಿಲ್ಲಿಸಬೇಡ. ಸದ್ದಿಲ್ಲದೆ ಒಳಗೆ ಕರೆದೊಯ್ದು ತೊಳೆದು ಬಟ್ಟೆ ಬದಲಿಸು. ಮೊದಮೊದಲು ಅಮ್ಮನ ಸೆರಗು ಬಿಡದೆ ಅಳುವ ಮಗುವನ್ನು ಕಿತ್ತುಕೊಂಡು ಬಾಗಿಲು ಹಾಕಬೇಡ. ತಾಯಿ ಒಂದಷ್ಟು ದಿನ ಒಳಗೇ ಕೂರಲಿ, ಆಮೇಲೆ ಹೊರಡುವಾಗ ಹೇಳಿಯೇ ಹೋಗಲಿ. ಕಣ್ತಪ್ಪಿಸಿ ಹೋದರೆ ಮರುದಿನ ಮಗು ಅಮ್ಮನನ್ನೂ ನಂಬುವುದಿಲ್ಲ, ನಿನ್ನನ್ನೂ ನಂಬುವುದಿಲ್ಲ. ಹೆದರಿದ ಮಗು ಏನನ್ನೂ ಕಲಿಯಲಾರದು.

ಊಟದ ಸಾಲಿನಲ್ಲಿ ನಿನ್ನ ಕಣ್ಣು ಇನ್ನೂ ಎಚ್ಚರವಾಗಿರಲಿ. ಜಾತಿ ಮಕ್ಕಳಿಗೆ ಗೊತ್ತಿರುವುದಿಲ್ಲ, ದೊಡ್ಡವರು ಎಲ್ಲಿ ಕೂರಿಸಿದರು, ಯಾರ ತಟ್ಟೆ ಯಾರು ತೊಳೆದರು ಎಂಬುದರಿಂದ ಅವು ಅದನ್ನು ಕಲಿಯುತ್ತವೆ. ನಿನ್ನ ಕೇಂದ್ರದಲ್ಲಿ ಎಲ್ಲ ಮಕ್ಕಳೂ ಬೆರೆತು ಕೂರಲಿ, ನೀನೂ ಅವರ ಜೊತೆ ಕೂತು ಅದೇ ಅನ್ನ ಉಣ್ಣು. ಸಹಾಯಕಿ ಮಾಡಿದ ಅಡುಗೆ ನಮ್ಮ ಮಗುವಿಗೆ ಬೇಡವೆಂದು ಯಾರಾದರೂ ಬಂದರೆ ಮೆತ್ತಗೆ ಮಾತನಾಡು, ಆದರೆ ಒಂದಿಂಚೂ ಸರಿಯಬೇಡ. ಸಹಾಯಕಿಯನ್ನು ಕೈಕೆಳಗಿನವಳೆಂದು ನೋಡಬೇಡ. ಮಕ್ಕಳು ಹಸಿವು, ನಿದ್ದೆ, ಅಳು ಹೊತ್ತು ಹೋಗುವುದು ಎಷ್ಟೋ ಸಲ ಅವಳ ಬಳಿಗೇ. ಯಾವ ಮಗು ಇವತ್ತು ಊಟ ಬಿಟ್ಟಿತೆಂದು ಮೊದಲು ತಿಳಿಯುವುದೂ ಅವಳಿಗೇ. ದಿನ ಮುಗಿದಾಗ ಅವಳನ್ನು ಕೇಳಿ ತಿಳಿದುಕೊ.

ನೋಡುವ ಕಣ್ಣು ಕೆಲವು ಮಕ್ಕಳ ಇಡೀ ಬದುಕನ್ನೇ ಬದಲಿಸುತ್ತದೆ. ಕರೆದರೆ ತಿರುಗದ ಮಗು, ಎರಡು ವರ್ಷ ತುಂಬಿದರೂ ಎರಡು ಪದ ಕೂಡಿಸಿ ಮಾತನಾಡದ ಮಗು, ಪುಸ್ತಕವನ್ನು ಕಣ್ಣಿಗೆ ಅಂಟಿಸಿಕೊಂಡು ನೋಡುವ ಮಗು, ಕಣ್ಣಿಗೆ ಕಣ್ಣು ಕೂಡಿಸದ ಮಗು, ಇವರನ್ನು 'ದೊಡ್ಡದಾದ ಮೇಲೆ ಸರಿಹೋಗುತ್ತೆ' ಎಂದು ಬಿಡಬೇಡ. ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ವೈದ್ಯರ ತಂಡ ಕೇಂದ್ರಕ್ಕೆ ಬಂದಾಗ ನಿನ್ನ ನೋಟ್‌ಬುಕ್ ಅವರ ಮುಂದಿಡು. ಕಿವಿಯ ತೊಂದರೆ ಬೇಗ ತಿಳಿದಷ್ಟೂ ಮಾತು ಉಳಿಯುತ್ತದೆ. ತೂಕವೂ ಹಾಗೆಯೇ. ಒಂದು ತಿಂಗಳ ಅಂಕಿಗಿಂತ ಗೆರೆ ಏರುತ್ತಿದೆಯೋ ಇಳಿಯುತ್ತಿದೆಯೋ ನೋಡು. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ, ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಕಳಿಸು. ತೂಕ ಮಾಡದೆ ಅಂದಾಜಿನಲ್ಲಿ ಅಂಕಿ ತುಂಬುವುದನ್ನು ಎಂದೂ ಮಾಡಬೇಡ. ಆ ಸುಳ್ಳು ಅಂಕಿಯ ಹಿಂದೆ ಒಂದು ಜೀವ ಅಡಗಿರಬಹುದು. ಮತ್ತು ಯಾವ ಮನೆಯ ಕಷ್ಟವೂ, ಯಾವ ಮಗುವಿನ ಕೊರತೆಯೂ ನಿನ್ನ ಬಾಯಿಂದ ಬೀದಿಗೆ ಬೀಳದಿರಲಿ.

ನೀನು ಹಿಡಿದ ಕೆಲಸ ಸಣ್ಣದಲ್ಲ. ವಕೀಲರಾಗಿದ್ದ ಗಿಜುಭಾಯಿ ಬಧೇಕಾ ಆ ವೃತ್ತಿ ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು, ಜನ ಅವರನ್ನು ಮೀಸೆಯ ತಾಯಿ ಎಂದು ಕರೆದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಕಡಲತಡಿಯ ಬೋರ್ಡಿ ಎಂಬ ಊರಿಗೆ ಹೋಗಿ, ಶಾಲೆಗೆ ಬಾರದ ಬಡ ಮಕ್ಕಳ ಕೇರಿಗೇ ನಡೆದು ಅವರ ಅಂಗಳದಲ್ಲೇ ಪಾಠ ನಡೆಸಿದರು. ಅದೇ ದಾರಿಯಲ್ಲಿ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ನಮ್ಮ ರಾಜ್ಯದ ಪಾಲಿಗೆ ಬಂದದ್ದು ತಿರುಮಕೂಡಲು ನರಸೀಪುರ. ಇಂಥವರ ಸಾಲಿನಲ್ಲಿ ನೀನೂ ನಿಂತಿದ್ದೀ.

ಹಾಗೆಂದು ತ್ಯಾಗದ ಹೆಸರಿನಲ್ಲಿ ನಿನ್ನ ಹಕ್ಕನ್ನು ಬಿಟ್ಟುಕೊಡಬೇಡ. ನಿನಗೆ ಕೊಡುವುದನ್ನು ಗೌರವಧನ ಎನ್ನುತ್ತಾರೆ, ಆದರೆ ನೀನು ಮಾಡುವುದು ಪೂರ್ಣ ಪ್ರಮಾಣದ ಕೆಲಸ. ಅಂಗನವಾಡಿ ಕಾರ್ಯಕರ್ತೆಯರೂ ಸಹಾಯಕಿಯರೂ ಗ್ರಾಚ್ಯುಟಿಗೆ ಅರ್ಹರೆಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿದೆ. ಸಂಘದಲ್ಲಿ ಸೇರು, ಕೇಳಬೇಕಾದ್ದನ್ನು ಒಟ್ಟಾಗಿ ಕೇಳು. ಪಕ್ಕದ ಕೇಂದ್ರದ ಟೀಚರ್ ಜೊತೆ ಕೂತು ಇವತ್ತು ಯಾವ ಆಟ ಗೆದ್ದಿತು, ಯಾವುದು ಸೋತಿತು ಎಂದು ಮಾತಾಡು. ಓದುವುದನ್ನು ನಿಲ್ಲಿಸಬೇಡ, ಗಿಜುಭಾಯಿಯವರ 'ದಿವಾಸ್ವಪ್ನ' ಸಿಕ್ಕರೆ ಓದು.

ಸೋಮವಾರ ಕೇಂದ್ರಕ್ಕೆ ಹೋದೊಡನೆ ಪಾಠ ಶುರುಮಾಡಬೇಡ. ಮೊದಲ ವಾರ ಮಕ್ಕಳನ್ನು ಆಡಲು ಬಿಟ್ಟು ಅವರ ಮಟ್ಟಕ್ಕೆ ನೆಲದ ಮೇಲೆ ಕೂರು, ನೋಡು, ಕೇಳು, ಪ್ರತಿಯೊಬ್ಬರ ಹೆಸರನ್ನೂ ಅವರ ಮನೆಯಲ್ಲಿ ಕರೆಯುವ ಹಾಗೆ ಕಲಿ. ವಾರ ಮುಗಿಯುವ ಹೊತ್ತಿಗೆ ಪ್ರತಿ ಮಗುವಿನ ಬಗ್ಗೆ, ಅದರ ತಾಯಿಗೂ ಸಂತೋಷವಾಗುವಂಥ ಒಂದು ನಿಜವಾದ ಮಾತು ನಿನಗೆ ಹೇಳಲು ಬರಬೇಕು. ಅದು ಬಂದ ದಿನ ನೀನು ಕಲಿಸಲು ಸಿದ್ಧಳಾದೆ ಎಂದು ತಿಳಿ. ನಿನ್ನ ಮೇಲೆ ನನಗೆ ಪೂರ್ಣ ಭರವಸೆ ಇದೆ. ಒಳ್ಳೆಯದಾಗಲಿ.