ಅಂತೆ, ಇರಬೇಕು, ಇದೆ

ಅಮ್ಮಣ್ಣಿ,

ಮೊನ್ನೆ ಫೋನಿನಲ್ಲಿ ನಿನ್ನ ದನಿ ಸಪ್ಪೆಯಾಗಿತ್ತು. ಒಂಬತ್ತನೇ ಕ್ಲಾಸಿನವರಿಗೆ ‘ನಮ್ಮ ಕೆಜಿಎಫ್’ ಅಂತ ಪ್ರಾಜೆಕ್ಟ್ ಕೊಟ್ಟರೆ, ಬಂದ ಪುಸ್ತಕಗಳಲ್ಲೆಲ್ಲ ಒಂದೇ ಮಾತು, ಒಂದೇ ಚಿತ್ರ, ಕಾಗುಣಿತದ ತಪ್ಪು ಸಹ ಒಂದೇ ಅಂದೆ. ಮಕ್ಕಳನ್ನು ಬೈಯಬೇಡ. ಆಂತರಿಕ ಮೌಲ್ಯಮಾಪನಕ್ಕೆ ಪುಸ್ತಕ ದಪ್ಪಗಿದ್ದರೆ ಸಾಕು ಅಂತ ಅವರಿಗೆ ಕಲಿಸಿದವರು ನಾವೇ. ಚಾರ್ಟಿಗೆ ಮಿನುಗು ಅಂಟಿಸಿ ತಂದವರಿಗೆ ಎರಡು ಅಂಕ ಜಾಸ್ತಿ ಕೊಟ್ಟವರಲ್ಲಿ ನಿನ್ನ ದೊಡ್ಡಮ್ಮನೂ ಒಬ್ಬಳು.

ತರಬೇತಿಯಲ್ಲಿ ನಿಮಗೆ ‘ವಿಮರ್ಶಾತ್ಮಕ ಚಿಂತನೆ’ ಅಂತ ಪರದೆಯ ಮೇಲೆ ಬಾಣದ ಗುರುತು ಹಾಕಿ ತೋರಿಸಿರುತ್ತಾರೆ. ಅದು ಅಲ್ಲಿರಲಿ. ನಮ್ಮ ಮಾತಿನ ಬಾಲದಲ್ಲೇ ಆ ವಿದ್ಯೆ ಇದೆ. ‘ಚಿನ್ನ ಸಿಕ್ಕಿತು’, ‘ಚಿನ್ನ ಸಿಕ್ಕಿರಬೇಕು’, ‘ಚಿನ್ನ ಸಿಕ್ಕಿರಬಹುದು’, ‘ಚಿನ್ನ ಸಿಕ್ಕಿತಂತೆ’. ಮೊದಲನೆಯದನ್ನು ಹೇಳುವವನು ಕಣ್ಣಲ್ಲಿ ಕಂಡಿರಬೇಕು, ಇಲ್ಲವೇ ಅವನ ಕೈಯಲ್ಲಿ ಕಾಗದ ಇರಬೇಕು. ಎರಡನೆಯವನ ಹತ್ತಿರ ಬಲವಾದ ಕಾರಣ ಇರಬೇಕು. ಮೂರನೆಯವನು ಬಾಗಿಲು ತೆರೆದಿಟ್ಟಿದ್ದಾನೆ, ಅಷ್ಟೆ. ನಾಲ್ಕನೆಯವನು ಹೊಣೆಯನ್ನು ಇನ್ನೊಬ್ಬರ ಹೆಗಲಿಗೆ ಹಾಕಿದ್ದಾನೆ. ನಿನ್ನ ಕ್ಲಾಸಿನಲ್ಲಿ ಬಹಳ ಮಕ್ಕಳ ಮನೆಮಾತು ತಮಿಳು, ಕೆಲವರದು ತೆಲುಗು. ಅದಕ್ಕೂ ಚಿಂತೆಯಿಲ್ಲ. ನಾವು ‘ಬಂದನಂತೆ’ ಅನ್ನುವುದನ್ನು ಅವರು ‘ವಂದಾನಾಮ್’ ಅಂತಲೋ ‘ವಚ್ಚಾಡಟ’ ಅಂತಲೋ ಹಾಲು ಕುಡಿಯುವಾಗಲೇ ಕಲಿತಿದ್ದಾರೆ. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಮಾತ್ರ ನಾವು ಎಲ್ಲ ಬಾಲವನ್ನೂ ಕತ್ತರಿಸಿ ‘ಇದೆ’, ‘ಆಗಿದೆ’ ಅಂತ ಬರೆಸುತ್ತೇವೆ.

ಆ ಪ್ರಾಜೆಕ್ಟ್ ಪುಸ್ತಕಗಳನ್ನು ವಾಪಸ್ಸು ಕೊಡು. ಪೆನ್ಸಿಲ್ ಹಿಡಿದು ಒಂದೊಂದು ವಾಕ್ಯದ ಬಾಲವನ್ನೂ ತಿದ್ದಲು ಹೇಳು. ‘ಹರಪ್ಪದವರ ಚಿನ್ನ ಕೋಲಾರದ್ದು’ ಅಂತ ಬರೆದಿರುತ್ತಾರೆ. ಅದು ಚಿನ್ನದಲ್ಲಿನ ಬೆಳ್ಳಿಯ ಬೆರಕೆ ನೋಡಿ ಕೆಲವು ವಿದ್ವಾಂಸರು ಮಾಡಿದ ಊಹೆ, ಎಲ್ಲರೂ ಒಪ್ಪಿದ ಮಾತಲ್ಲ. ‘ಇರಬಹುದು’ ಆಗಲಿ. ‘2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚಿತು’ ಅನ್ನುವುದನ್ನು ಮುಟ್ಟಬೇಕಿಲ್ಲ. ‘ಕೆಜಿಎಫ್’ ಸಿನಿಮಾ ನೋಡಿ ‘ನರಾಚಿ ಎಲ್ಲಿದೆ ಮಿಸ್?’ ಅಂತ ಕೇಳುವವನು ಒಬ್ಬ ಇದ್ದೇ ಇರುತ್ತಾನೆ. ನಗಬೇಡ. ‘ಮ್ಯಾಪಿನಲ್ಲಿ ಹುಡುಕಿ ತಾ’ ಅನ್ನು. ಹುಡುಕಿ ಸಿಗದೆ ಬಂದವನು ನಿನ್ನ ಮೊದಲ ಸಂಶೋಧಕ.

ಇನ್ನು ನನ್ನದೇ ಕತೆ ಕೇಳು. ಹದಿನೈದು ವರ್ಷ ‘ಏಷ್ಯಾದಲ್ಲೇ ಮೊದಲು ಕರೆಂಟು ಬಂದದ್ದು ನಮ್ಮ ಕೆಜಿಎಫ್‌ಗೆ’ ಅಂತ ಎದೆಯುಬ್ಬಿಸಿ ಪಾಠ ಮಾಡಿದೆ. ಕ್ಲಾಸೆಲ್ಲ ಕೋಲೆಬಸವನ ಹಾಗೆ ತಲೆಯಾಡಿಸುತ್ತಿತ್ತು. ಒಂದು ದಿನ ಹಿಂದಿನ ಬೆಂಚಿನ ಹುಡುಗ ಎದ್ದು, ‘ಜಪಾನು ಏಷ್ಯಾದಲ್ಲಿ ಇಲ್ವಾ ಮಿಸ್?’ ಅಂದ. ಕೂತ್ಕೋ ಅಂದುಬಿಟ್ಟೆ. ರಾತ್ರಿಯೆಲ್ಲ ಅದೇ ಕೊರೆಯಿತು. ಟೋಕಿಯೋದಲ್ಲಿ 1880ರ ದಶಕದಲ್ಲೇ ವಿದ್ಯುತ್ ದೀಪ ಉರಿದಿತ್ತು. ನಮ್ಮ ದೇಶದಲ್ಲೇ ಡಾರ್ಜಿಲಿಂಗಿನಲ್ಲಿ 1897ರಲ್ಲಿ ಜಲವಿದ್ಯುತ್ ಬಂದಿತ್ತು. ನಮಗೆ ಶಿವನಸಮುದ್ರದಿಂದ ಬಂದದ್ದು 1902ರಲ್ಲಿ. ಮರುದಿನ ಆ ಹುಡುಗನನ್ನೇ ಬೋರ್ಡಿನ ಹತ್ತಿರ ಕರೆದು, ನನ್ನ ವಾಕ್ಯವನ್ನು ಇಬ್ಬರೂ ಸೇರಿ ಚಿಕ್ಕದು ಮಾಡುತ್ತಾ ಹೋದೆವು. ಕೊನೆಗೆ ಉಳಿದದ್ದು: ‘ಸುಮಾರು 147 ಕಿಲೋಮೀಟರ್ ದೂರದಿಂದ ಗಣಿ ಯಂತ್ರಗಳಿಗಾಗಿ ಕರೆಂಟು ತಂದ ಆ ತಂತಿ, ಆ ಕಾಲಕ್ಕೆ ಲೋಕದ ಅತಿ ಉದ್ದದ ತಂತಿಗಳಲ್ಲಿ ಒಂದು. ಬೆಂಗಳೂರಿನ ಬೀದಿದೀಪಕ್ಕೆ ಕರೆಂಟು ಬಂದದ್ದು ಅದಾಗಿ ಮೂರು ವರ್ಷಕ್ಕೆ.’ ಹಳೆಯ ಮಾತಿಗಿಂತ ಇದೇ ಹೆಚ್ಚು ಬೆರಗು ಅಂತ ಆವತ್ತು ಅನ್ನಿಸಿತು. ಅವನಿಗೆ ಕ್ಷಮೆ ಕೇಳಿದೆನೋ ಇಲ್ಲವೋ ನೆನಪಿಲ್ಲ. ಕೇಳಿರಲಿಕ್ಕಿಲ್ಲ. ಆಗ ನನಗೆ ಜಂಬ ಜಾಸ್ತಿ.

ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಗಣಿಗಿಳಿದ ತಾತಂದಿರು ಇನ್ನೂ ಇದ್ದಾರೆ, ಮಕ್ಕಳನ್ನು ಅವರ ಹತ್ತಿರ ಕಳಿಸು. ಆದರೆ ‘ಗಣಿ ಜೀವನ ಹೇಗಿತ್ತು ತಾತಾ?’ ಅಂತ ಕೇಳಿದರೆ ಭಾಷಣ ಬರುತ್ತದೆ. ‘ಆವತ್ತು ಯಾವ ಶಿಫ್ಟು? ನೀವು ಎಲ್ಲಿ ನಿಂತಿದ್ದಿರಿ? ಇದು ನೀವು ಕಂಡದ್ದಾ, ಕೇಳಿದ್ದಾ?’ ಅಂತ ಕೇಳಲಿ. ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದು ಒಂದು ಕಡೆ ಕಂಡದ್ದು, ಇನ್ನೊಂದು ಕಡೆ ಕೇಳಿದ್ದು. ಒಂದೇ ರಾಕ್‌ಬರ್ಸ್ಟ್ ಬಗ್ಗೆ, ಅಂದರೆ ಗಣಿಯೊಳಗೆ ಬಂಡೆ ಸಿಡಿದದ್ದರ ಬಗ್ಗೆ, ಕೆಳಗಿದ್ದ ತಾತ ಹೇಳುವುದೊಂದು, ಮೇಲೆ ಆಫೀಸಿನಲ್ಲಿದ್ದ ಗುಮಾಸ್ತರು ಹೇಳುವುದೊಂದು, ಅಟ್ಟದ ಮೇಲಿನ ಪಾತ್ರೆ ಉರುಳಿದ್ದನ್ನು ಕಂಡ ಅಜ್ಜಿ ಹೇಳುವುದು ಮತ್ತೊಂದು. ಮೂರರಲ್ಲಿ ಸುಳ್ಳು ಯಾವುದು ಅಂತ ಮಕ್ಕಳು ಕೇಳುತ್ತಾರೆ. ಯಾವುದೂ ಅಲ್ಲದೆ ಇರಬಹುದು ಅನ್ನುವುದನ್ನು ಅವರಿಗೆ ಕಾಣಿಸುವುದೇ ಕಷ್ಟದ ಕೆಲಸ, ಅದಕ್ಕೆ ಎರಡು ಪೀರಿಯಡ್ ಹೋದರೂ ಹೋಗಲಿ. ಸಿಲಬಸ್ ಹೇಗೋ ಮುಗಿಯುತ್ತದೆ.

ಗಣಿ ಮುಚ್ಚಿದ ಮರುವರ್ಷ ನನಗೊಬ್ಬ ಹುಡುಗಿ ಸಿಕ್ಕಿದ್ದಳು. ಮನೆ ನಂದಿದುರ್ಗ ಗಣಿಯ ಲೈನಿನಲ್ಲಿ, ಅಪ್ಪನ ಕೆಲಸ ಹೋಗಿತ್ತು. ‘ನಂದಿಬೆಟ್ಟ ಇಲ್ಲಿಂದ ಎಂಬತ್ತು ಕಿಲೋಮೀಟರಿಗೂ ಆಚೆ ಇದೆ, ನಮ್ಮ ಗಣಿಗೆ ಯಾಕೆ ಆ ಹೆಸರು?’ ಅಂತ ಕೇಳಿದಳು. ನನಗೆ ಅಂಥ ಪ್ರಶ್ನೆ ಹುಟ್ಟಿರಲೇ ಇಲ್ಲ. ಇಬ್ಬರೂ ಕೂತು ರೈಸ್ ಸಾಹೇಬರ ಗೆಜೆಟಿಯರ್ ತಿರುವಿದೆವು. ಕಮಿಷನರ್ ಆಳ್ವಿಕೆಯಲ್ಲಿ ಮೈಸೂರು ಸಂಸ್ಥಾನವನ್ನು ನಂದಿದುರ್ಗ, ಅಷ್ಟಗ್ರಾಮ, ನಗರ ಅಂತ ಮೂರು ವಿಭಾಗ ಮಾಡಿದ್ದರು. ಬೆಂಗಳೂರು, ತುಮಕೂರಿನ ಜೊತೆ ಕೋಲಾರವೂ ನಂದಿದುರ್ಗ ವಿಭಾಗದಲ್ಲಿತ್ತು. ಹುಡುಗಿ ಕುಣಿದುಬಿಟ್ಟಳು. ‘ಸಿಕ್ತು ಮಿಸ್! ಅದಕ್ಕೇ ಕಂಪನಿಯವರು ಆ ಹೆಸರಿಟ್ಟಿದ್ದು!’ ನಾನು, ‘ವಿಭಾಗ ಇತ್ತು ಅನ್ನುವುದು ಇದರಲ್ಲಿದೆ. ಅದಕ್ಕೇ ಹೆಸರಿಟ್ಟರು ಅಂತ ಎಲ್ಲಿದೆ?’ ಅಂದೆ. ಮುಖ ಇಳಿಯಿತು. ಸ್ವಲ್ಪ ಹೊತ್ತು ಬಿಟ್ಟು ‘ಇಟ್ಟರು’ ಅನ್ನುವುದನ್ನು ಹೊಡೆದುಹಾಕಿ ‘ಇಟ್ಟಿರಬೇಕು’ ಅಂತ ಬರೆದಳು. ಮತ್ತೆ ಯೋಚಿಸಿ ಅದನ್ನೂ ಹೊಡೆದು ‘ಇಟ್ಟಿರಬಹುದು’ ಅಂದಳು. ಮೂವತ್ತು ವರ್ಷದ ಮೇಷ್ಟ್ರಗಿರಿಯಲ್ಲಿ ನಾನು ಕಂಡ ಚಂದದ ತಿದ್ದುಪಡಿ ಅದು.

ಹೀಗೆ ಬಾಲ ತಿದ್ದುವುದು ಮಕ್ಕಳಾಟ ಅಂದುಕೊಳ್ಳಬೇಡ. ಚಾಂಪಿಯನ್ ರೀಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಆಳದಲ್ಲಿ ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನವರ ಜೊತೆ ಕೂತಿದ್ದರಲ್ಲ, 1965ರಲ್ಲಿ ವಾಯುಮಂಡಲದಿಂದ ಬರುವ ನ್ಯೂಟ್ರಿನೋವಿನ ಗುರುತು ಹಿಡಿದವರು. 1980ರ ದಶಕದಲ್ಲಿ ಅಲ್ಲೇ ನೂರಕ್ಕೂ ಹೆಚ್ಚು ಟನ್ ಕಬ್ಬಿಣ ಜೋಡಿಸಿ, ಪ್ರೋಟಾನ್ ಒಡೆಯುತ್ತದೆಯೇ ಅಂತ ಕಾದರು. ಕೆಲವು ಗುರುತು ಸಿಕ್ಕವು. ಒಡೆದದ್ದೇ ಇರಬಹುದು ಅಂತ ಲೋಕಕ್ಕೆ ಹೇಳಿದರು. ಅಮೆರಿಕ, ಜಪಾನಿನಲ್ಲಿ ಇನ್ನೂ ದೊಡ್ಡ ಯಂತ್ರ ಇಟ್ಟು ನೋಡಿದವರಿಗೆ ಅದು ಕಾಣಲಿಲ್ಲ. ಇವತ್ತಿಗೂ ಪ್ರೋಟಾನ್ ಒಡೆದದ್ದನ್ನು ಯಾರೂ ಖಚಿತವಾಗಿ ಕಂಡಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ, ಅದು ನಮ್ಮೂರ ನೆಲದ ಕೆಳಗೇ ನಡೆದಿದೆ. ವಿಜ್ಞಾನದ ಮೇಷ್ಟ್ರ ಹತ್ತಿರ ಒಂದು ಪೀರಿಯಡ್ ಸಾಲ ಕೇಳು.

ಇನ್ನು ಚರ್ಚಾಸ್ಪರ್ಧೆ ವಿಷಯ. ನಮ್ಮ ನ್ಯಾಯಶಾಸ್ತ್ರದವರು ವಾದ, ಜಲ್ಪ, ವಿತಂಡ ಅಂತ ಮೂರು ಬೇರೆ ಮಾಡಿದ್ದರು. ನಿಜ ತಿಳಿಯಲು ಆಡುವುದು ವಾದ, ಗೆಲ್ಲಲು ಆಡುವುದು ಜಲ್ಪ, ತನ್ನದು ಏನೂ ಇಲ್ಲದೆ ಎದುರಿನವರದನ್ನು ಕೆಡವುವುದು ವಿತಂಡ. ಪ್ರತಿಭಾ ಕಾರಂಜಿಯಲ್ಲಿ ನಾವು ಬಹುಮಾನ ಕೊಡುವುದು ಎರಡನೆಯದಕ್ಕೆ, ಅದನ್ನೂ ಟೀಚರೇ ಬರೆದುಕೊಟ್ಟಿರುತ್ತಾರೆ. ನೀನು ಒಂದು ಸಲ ನಮ್ಮ ಗಣಿಯ 1930ರ ಮುಷ್ಕರವನ್ನು ಚರ್ಚೆಗೆ ಇಟ್ಟು ನೋಡು. ಕಂಪನಿಯವರು ಕಾರ್ಮಿಕರ ಬೆರಳಚ್ಚು ತೆಗೆಯಲು ಹೊರಟರು, ಜನ ಕೆಲಸ ನಿಲ್ಲಿಸಿದರು. ನಾನು ಒಮ್ಮೆ ಇದನ್ನೇ ಇಟ್ಟಾಗ ಬೇಕೆಂದೇ ಗಣಿ ಮನೆಯ ಹುಡುಗನಿಗೆ ಕಂಪನಿಯ ಪಕ್ಷ ಕೊಟ್ಟೆ. ‘ಕೆಲಸದಿಂದ ತೆಗೆದವನು ಬೇರೆ ಹೆಸರಿನಲ್ಲಿ ಮತ್ತೆ ಬಂದರೆ ಕಂಪನಿ ಏನು ಮಾಡಬೇಕು?’ ಅಂತ ಗಟ್ಟಿಯಾಗೇ ವಾದಿಸಿದ. ಮನೆಗೆ ಹೋಗಿ ಹೇಳಿದ್ದಕ್ಕೆ ತಾತನಿಂದ ಬೈಸಿಕೊಂಡನಂತೆ. ಮರುದಿನ ಬಂದು, ‘ಬೆರಳಚ್ಚು ತೆಗೆಯೋದು ಕಳ್ಳರದ್ದು, ನಾವು ಕಳ್ಳರಾ ಅಂತ ತಾತ ಕೇಳಿದರು ಮಿಸ್. ನಿನ್ನೆ ನಮ್ಮ ಎದುರು ಪಕ್ಷದವರಿಗೆ ಇದು ಹೊಳೀಲೇ ಇಲ್ಲ’ ಅಂದ. ತನ್ನ ಎದುರಾಳಿಯ ವಾದವನ್ನು ತಾನೇ ಬಲ ಮಾಡಿ ತಂದಿದ್ದ.

ಈ ವರ್ಷದ ಚರ್ಚೆಗೆ ಬೇಕಾದರೆ ಗಣಿ ತ್ಯಾಜ್ಯದ ಸಯನೈಡ್ ಗುಡ್ಡಗಳೇ ಇವೆ. ಅಂಥ 13 ಗುಡ್ಡಗಳಲ್ಲಿ ಮತ್ತೆ ಚಿನ್ನ ತೆಗೆಯಲು 2024ರಲ್ಲಿ ರಾಜ್ಯ ಸಂಪುಟ ಒಪ್ಪಿದೆ. ಕೆಲಸ ಸಿಗುತ್ತದೆ ಅನ್ನುವವರ ಮನೆಯೂ, ದೂಳು ಕುಡಿಯಬೇಕು ಅನ್ನುವವರ ಮನೆಯೂ ನಿನ್ನ ಕ್ಲಾಸಿನಲ್ಲೇ ಇರುತ್ತವೆ. ನಿನ್ನ ಅಭಿಪ್ರಾಯವನ್ನು ಮಾತ್ರ ಮೊದಲೇ ಹೇಳಿಬಿಡಬೇಡ. ಹೇಳಿದೆಯೋ, ಇಡೀ ಕ್ಲಾಸು ಆ ಕಡೆಗೆ ವಾಲುತ್ತದೆ.

ಭಾನುವಾರ ಮಾರಿಕುಪ್ಪಂ ಗಾಡಿ ಹತ್ತಿ ಬಂಗಾರಪೇಟೆಗೆ ಬಂದುಬಿಡು. ಆ ಹುಡುಗಿಯ ನೋಟ್‌ಬುಕ್ಕು ನನ್ನ ಹತ್ತಿರವೇ ಇದೆ, ಟ್ರಂಕಿನ ತಳದಲ್ಲಿ. ‘ಇರಬೇಕು’ ಅನ್ನುವೆ ನೀನು. ಇಲ್ಲ, ಈಗ ತಾನೆ ಎದ್ದು ಹೋಗಿ ನೋಡಿ ಬಂದೆ. ಇದೆ.

ನಿನ್ನ ದೊಡ್ಡಮ್ಮ