ಹೆಪ್ಪು

ಚಿ. ಸುಮಂತನಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ವಾಯ್ಸ್ ಮೆಸೇಜನ್ನು ಮೂರು ಸಲ ಕೇಳಿದೆ. ಅಂಟಾರ್ಕ್ಟಿಕಾದಲ್ಲಿ ಕುಕ್ ಕೆಲಸ, ಊಟ ವಸತಿ ಅವರದೇ, ಸಂಬಳ ಪೂರ್ತಿ ಉಳಿಯುತ್ತೆ, ಅಪ್ಪನ ಆಸ್ಪತ್ರೆ ಸಾಲ ತೀರುತ್ತೆ ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಸುಮ್ಮನಿರುತ್ತಿದ್ದೆ. "ಅಡುಗೆ ತಾನೇ ಮಾವ, ಎಲ್ಲಿ ಮಾಡಿದರೂ ಅಡುಗೆಯೇ" ಅಂದೆಯಲ್ಲ, ಅಲ್ಲಿ ಸಿಟ್ಟು ಬಂತು. ಫೋನಿನಲ್ಲಾದರೆ ಬೈದುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹಾಗೆ ಹೊರಟು ನಿಂತ ಬೇರೆ ಹುಡುಗರೂ ಓದಲಿ ಅಂತ ಪತ್ರಿಕೆಗೇ ಕೊಟ್ಟಿದ್ದೇನೆ.

ಹೋಗು ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ನಾನು ಕಂಡದ್ದು ಹೇಳುತ್ತೇನೆ.

1990ರ ದಶಕದ ನಡುವೆ ಪಲ್ಟನ್ನಿನ ಲಂಗರಿನಿಂದ, ಅಂದರೆ ಅಡುಗೆಮನೆಯಿಂದ, ನನ್ನನ್ನು ಅಂಟಾರ್ಕ್ಟಿಕಾದಲ್ಲಿರುವ ನಮ್ಮ ದೇಶದ ನೆಲೆ ಮೈತ್ರಿಗೆ ಕಳಿಸಿದರು. ಈಗ ನೀವು ಕೇಪ್‌ಟೌನ್‌ನಿಂದ ವಿಮಾನ ಹತ್ತಿ ಕೆಲವೇ ಗಂಟೆಗಳಲ್ಲಿ ಮಂಜುಗಡ್ಡೆಯ ರನ್‌ವೇ ಮೇಲೆ ಇಳಿಯುತ್ತೀರಿ. ನಮಗೆ ಗೋವಾದಿಂದಲೇ ಹಡಗು, ತಿಂಗಳು ಹತ್ತಿರ ಹಿಡಿಯಿತು. 40 ಡಿಗ್ರಿ ದಕ್ಷಿಣ ಅಕ್ಷಾಂಶ ದಾಟಿದ ಮೇಲೆ ಅಲೆಗಳ ಹೊಡೆತಕ್ಕೆ ಸಾರಿನ ಪಾತ್ರೆಯನ್ನು ಒಲೆಗೇ ಕಟ್ಟಿ ಕುದಿಸಬೇಕಾಯಿತು. ವಾಂತಿ ಮಾಡುತ್ತಲೇ ಒಗ್ಗರಣೆ ಹಾಕಿದವನು ನಾನು.

ನಮ್ಮ ಮೊದಲ ನೆಲೆ ದಕ್ಷಿಣ ಗಂಗೋತ್ರಿಯನ್ನು ಹಿಮವೇ ನುಂಗಿತ್ತು. ಮೈತ್ರಿ 1989ರದು, ಶಿರ್ಮಾಕರ್ ಬಂಡೆಗಳ ಮೇಲೆ ಕಾಲೂರಿ ನಿಂತದ್ದು. ಪಕ್ಕದ ಪ್ರಿಯದರ್ಶಿನಿ ಕೆರೆಯಿಂದ ನೀರು. ಮಾರ್ಚ್ ಹೊತ್ತಿಗೆ ಕೊನೆಯ ಹಡಗು ಹೊರಟಿತೆಂದರೆ ಉಳಿದವರು ಇಪ್ಪತ್ತೈದು ಜನ. ಮುಂದಿನ ಹಡಗು ಡಿಸೆಂಬರಿಗೆ.

ಚಳಿ ಇದ್ದಮೇಲೆ ಸಾಮಾನು ಕೆಡುವುದಿಲ್ಲ, ಏನು ಕಷ್ಟ ಅಂತ ನೀನು ಕೇಳಬಹುದು. ಮಾಂಸಕ್ಕೆ ಕಷ್ಟವಿಲ್ಲ, ಹೊರಗಿನ ಕಂಟೇನರಿನಲ್ಲಿಟ್ಟರೆ ಸಾಕು. ಹೆಪ್ಪುಗಟ್ಟಬಾರದ್ದನ್ನು ಕಾಯುವುದೇ ಕಷ್ಟ. ಆಲೂಗಡ್ಡೆಗೆ ಒಂದು ರಾತ್ರಿ ಚಳಿ ಹೊಡೆದರೆ ಆಯಿತು, ಕರಗಿದ ಮೇಲೆ ಹಿಚುಕಿದರೆ ನೀರು, ಬಾಯಿಗಿಟ್ಟರೆ ಸಿಹಿ. ಮೊಟ್ಟೆಯ ಟ್ರೇಗಳನ್ನು ತಪ್ಪದೆ ಮಗುಚಿ ಇಡಬೇಕು. ಮೊಳಕೆ ಬಂದ ಈರುಳ್ಳಿಯನ್ನು ನಾನು ಎಸೆಯುತ್ತಿರಲಿಲ್ಲ. ಜೂನಿನಲ್ಲಿ ಒಂದು ದಿನ ಆ ಹಸಿರು ಎಳೆ ಹೆಚ್ಚಿ ಉಪ್ಪಿಟ್ಟಿನ ಮೇಲೆ ಉದುರಿಸಿದೆ. ಹವಾಮಾನದವರೊಬ್ಬರು ತಿನ್ನದೆ ತಟ್ಟೆಯನ್ನೇ ನೋಡುತ್ತಾ ಕೂತರು.

ಮೇ ಕೊನೆಯಿಂದ ಎರಡು ತಿಂಗಳು ಸೂರ್ಯ ಹುಟ್ಟುವುದೇ ಇಲ್ಲ. ಆಗ ಗಡಿಯಾರ ಅಂದರೆ ಅಡುಗೆಮನೆ. ಈರುಳ್ಳಿ ಹುರಿದ ವಾಸನೆ ಬಂದರೆ ಬೆಳಗಾಯಿತು, ಮುದ್ದೆ ತೊಳಸುವ ಸದ್ದು ಕೇಳಿದರೆ ರಾತ್ರಿ. ನಾನು ಅರ್ಧ ಗಂಟೆ ತಡ ಮಾಡಿದರೆ ದೊಡ್ಡ ದೊಡ್ಡ ವಿಜ್ಞಾನಿಗಳು ಕಳವಳದಿಂದ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಹಸಿವಿಗಲ್ಲ, ಇದು ಯಾವ ಹೊತ್ತು ಅಂತ ತಿಳಿಯಲಿಕ್ಕೆ. ಎಲ್ಲಿ ಮಾಡಿದರೂ ಅಡುಗೆಯೇ ಅನ್ನುತ್ತೀಯಲ್ಲ ಪೆದ್ದ!

ನನ್ನ ಬಳಿ ಒಂದು ಸ್ಟೀಲ್ ಡಬ್ಬಿ ಇತ್ತು, ಮೊಸರಿನ ಹೆಪ್ಪಿನದು. ಪುಡಿಹಾಲಿಗೆ ಹೆಪ್ಪು ಹಾಕಿ, ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ, ಬಿಸಿಯಿರುವ ಗೋಡೆಗೆ ಒತ್ತಿ ಇಡುತ್ತಿದ್ದೆ. ಬಡಿಸುವ ಮೊದಲು ಒಂದು ಚಮಚ ಎತ್ತಿಡದೆ ಯಾರಿಗೂ ಮೊಸರು ಮುಟ್ಟಿಸುತ್ತಿರಲಿಲ್ಲ.

ಅವ್ವ ಹೋದದ್ದು ಜುಲೈನಲ್ಲಿ. ನಿನ್ನ ತಾಯಿ ಹೇಳಿರುತ್ತಾಳೆ. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಎರಡು ದಿನವಾಗಿತ್ತು. ಅಂತ್ಯಕ್ರಿಯೆಯನ್ನೆಲ್ಲ ಮುಂದೆ ನಿಂತು ಮಾಡಿಸಿದವಳು ನಿನ್ನ ತಾಯಿಯೇ. ಲೀಡರ್ ಸಾಹೇಬರು ರೇಡಿಯೋ ಕೋಣೆಗೆ ಕರೆದು ಹೇಳಿದರು. ಒಲೆಯ ಮೇಲೆ ಬೇಳೆ ಇದೆ ಸರ್ ಅಂತ ವಾಪಸು ಬಂದೆ. ಅವತ್ತು ತಂಡದವರು ನನ್ನನ್ನು ಮಲಗಿಸಿ ತಾವೇ ಕಿಚಡಿ ಮಾಡಿದರು. ಸಂಜೆ ಎದ್ದು ನೋಡಿದರೆ ಡಬ್ಬಿ ಖಾಲಿ, ತೊಳೆದು ಬೋರಲು ಹಾಕಿದ್ದರು. ಅವ್ವ ಸತ್ತಳೆಂದು ಅಳದ ನಾನು ಮೊಸರಿಗಾಗಿ ಕೂಗಾಡಿದೆ. ಕಿಚಡಿ ಮಾಡಿದವರು ಭೂಗರ್ಭಶಾಸ್ತ್ರಜ್ಞರು, ನನಗಿಂತ ಹದಿನೈದು ವರ್ಷ ದೊಡ್ಡವರು. ಅವರಿಗೆ ಏನೇನು ಅಂದೆನೋ! ಅವರು ತಲೆ ತಗ್ಗಿಸಿ ನಿಂತೇ ಇದ್ದರು.

ಈಗ ನಿನ್ನ ವಿಷಯ. ದಿಲ್ಲಿಯ ಏಮ್ಸ್‌ನಲ್ಲಿ ಮೈ ಪರೀಕ್ಷೆ ಮಾಡುತ್ತಾರೆ, ಮನಸ್ಸನ್ನೂ ಕೆದಕುತ್ತಾರೆ. ಔಲಿಯಲ್ಲಿ ಐಟಿಬಿಪಿಯವರು ಹಿಮದ ಮೇಲೆ ನಡೆಸಿ ನೋಡುತ್ತಾರೆ. ನೀನು ಗಟ್ಟಿಮುಟ್ಟಾದ ಹುಡುಗ, ಪಾಸಾಗುತ್ತೀಯ. ಆದರೆ ನಿಮ್ಮಪ್ಪ ಇನ್ನೊಂದು ವರ್ಷ ತಾಳುತ್ತಾರಾ ಅಂತ ಕೇಳುವ ಪರೀಕ್ಷೆ ಅಲ್ಲಿಲ್ಲ. ಅದನ್ನು ನೀನೇ ಕೇಳಿಕೊಳ್ಳಬೇಕು. ಈಗ ಇಂಟರ್ನೆಟ್ ಇದೆ, ವಿಡಿಯೋ ಕಾಲ್ ಮಾಡುತ್ತೇನೆ ಅನ್ನುತ್ತೀಯ. ಮಾಡು. ಪರದೆಯ ಮೇಲೆ ನೋಡಿದ ಮೇಲೆ ಎದ್ದು ಬರಲು ದಾರಿ ಇಲ್ಲದಿದ್ದರೆ ಹೇಗಿರುತ್ತೆ ಅಂತ ಯೋಚಿಸಿದ್ದೀಯಾ? ದುಡ್ಡು ಮುಖ್ಯ, ನನಗೂ ಗೊತ್ತು. ಆ ವರ್ಷದ ದುಡ್ಡಿನಲ್ಲೇ ನಾನು ಮನೆಗೆ ಹೆಂಚು ಹೊದಿಸಿದ್ದು. ಆ ಹೆಂಚಿನ ಕೆಳಗೆ ಅವ್ವ ಒಂದು ದಿನವೂ ಮಲಗಲಿಲ್ಲ.

ನನ್ನ ಮಾತು ಕೇಳುವುದಾದರೆ ಈ ಸಲ ಬೇಸಿಗೆಯ ತಂಡದಲ್ಲಿ ಹೋಗಿ ಬಾ, ಅಂದರೆ ನಮ್ಮ ಚಳಿಗಾಲದ ಕೆಲವೇ ತಿಂಗಳು. ರಾತ್ರಿಯೂ ಬಿಸಿಲು, ಪೆಂಗ್ವಿನ್ನೂ ನೋಡಬಹುದು. ಸ್ಕುವಾ ಹಕ್ಕಿ ಅಡುಗೆಮನೆ ಬಾಗಿಲಿಗೇ ಬಂದು ಅಂಗಲಾಚುತ್ತೆ, ಅದಕ್ಕೆ ಒಂದಗುಳು ಅನ್ನವನ್ನೂ ಹಾಕಬೇಡ, ಅಲ್ಲಿ ಅದು ನಿಷಿದ್ಧ. ಅಲ್ಲಿನ ಚಳಿಗಾಲಕ್ಕೆ ಮುಂದೆಂದಾದರೂ ಹೋದರಾಯಿತು, ಮೈತ್ರಿ ಎಲ್ಲಿಗೂ ಓಡಿಹೋಗುವುದಿಲ್ಲ.

ಬೈದೆ ಅಂತ ಬೇಜಾರು ಮಾಡಿಕೊಳ್ಳಬೇಡ. ಇಷ್ಟು ಹೇಳಿದರೂ ನೀನು ವರ್ಷಕ್ಕೇ ಸಹಿ ಹಾಕುವವನು, ನಿಮ್ಮ ತಾತನ ಹಟ ನಿನ್ನಲ್ಲಿದೆ. ಹಾಕಿದರೆ ಹೊರಡುವ ಮೊದಲು ಎರಡು ದಿನ ಇಲ್ಲಿಗೆ ಬಾ, ಮುದ್ದೆಯ ಹದ ತೋರಿಸುತ್ತೇನೆ. ಬ್ಯಾಡಗಿ ಮೆಣಸಿನಕಾಯಿ ಒಯ್ಯುವಾಗ ತೊಟ್ಟು ಮುರಿಯದೆ ಒಯ್ಯಿ. ಹೆಪ್ಪಿಲ್ಲದ ಮನೆಯಲ್ಲಿ ಉಗುರುಬೆಚ್ಚಗಿನ ಹಾಲಿಗೆ ಆ ತೊಟ್ಟು ಹಾಕಿಟ್ಟರೆ ಮೊಸರಾಗುತ್ತೆ ಅಂತ ಅವ್ವನೇ ಹೇಳಿಕೊಟ್ಟಿದ್ದಳು. ಆ ಜುಲೈನಲ್ಲಿ ಎರಡು ಸಲ ಹಾಲು ಒಡೆದುಹೋಯಿತು. ಮೂರನೆಯ ಸಲ ಹೆಪ್ಪಾಯಿತು, ಲೋಳೆ ಲೋಳೆಯಾಗಿ, ನೂಲು ಬರುತ್ತಿತ್ತು. ಮೊದಲ ಚಮಚವನ್ನು ಆ ಭೂಗರ್ಭಶಾಸ್ತ್ರಜ್ಞರ ತಟ್ಟೆಗೇ ಹಾಕಿದೆ.

ಇಂತಿ ನಿನ್ನ ಮಾವ